ಸಹಿ ಹಾಕಬಾರದೆಂಬ ಷರತ್ತಿನ ಮೇಲೆ ಹಂಗೇರಿಗೆ

ಕಡೂರು ಸ್ಟೇಷನ್

ಹಂಗೇರಿಗೆ ಹೋಗಿಬರಲು ನಮ್ಮೂರಿನವರು ನನಗೆ ಒಪ್ಪಿಗೆ ಕೊಟ್ಟದ್ದು ಒಂದೇ ಷರತ್ತಿನ ಮೇಲೆ. ಅಲ್ಲಿ ಯಾರು ಯಾವ ಕಾಗದ ತಂದು ಮುಂದಿಟ್ಟರೂ ನಾನು ಸಹಿ ಹಾಕಬಾರದು. ಹೆಂಡತಿ ಹೇಳಿದ್ದರೆ ಹೂಂ ಎಂದು ಮರೆತುಬಿಡಬಹುದಿತ್ತು. ಹೇಳಿದ್ದು ಕಾವಲಿನಲ್ಲಿ ದನ ಕಾಯುವ ತಿಮ್ಮಜ್ಜ. ಅವನು ಕಡೂರು ಸ್ಟೇಷನ್ನಿನವರೆಗೂ ಬಂದು, ರೈಲು ಅಲುಗಾಡುವ ಹೊತ್ತಿಗೆ ಕಿಟಕಿಯ ಸರಳು ಹಿಡಿದು ಮತ್ತೊಮ್ಮೆ ಹೇಳಿದ.

"ಉಣ್ರಿ, ತಿರುಗಾಡ್ರಿ, ಫೋಟೋ ಬೇಕಾದ್ರೂ ಹೊಡಿಸ್ಕಳ್ರಿ. ಸಹಿ ಮಾತ್ರ ಹಾಕ್ಬ್ಯಾಡ್ರಿ ಮೇಷ್ಟ್ರೇ."

ಇದು ಎಂಬತ್ತರ ದಶಕದ ಮೊದಲ ವರ್ಷಗಳ ಮಾತು. ನಾನು ಎಮ್ಮೆದೊಡ್ಡಿ ಕಡೆಯ ಮಿಡ್ಲ್ ಸ್ಕೂಲಿನಲ್ಲಿ ಮೇಷ್ಟ್ರಾಗಿದ್ದೆ. ಊರಿಗೆ ಅಂಟಿಕೊಂಡೇ ಅಮೃತಮಹಲ್ ಕಾವಲು, ಅಂದರೆ ಮಹಾರಾಜರ ಕಾಲದಿಂದ ದನಗಳಿಗೆಂದು ಬಿಟ್ಟ ಹುಲ್ಲುಬಯಲು. ಸರ್ಕಾರದ ದನಗಳ ಬೆನ್ನಿಗೆ ನಮ್ಮೂರಿನ ದನಗಳೂ ಅಲ್ಲೇ ಮೇಯುತ್ತಿದ್ದವು. ನಮ್ಮ ದನಗಳ ಈ ಹಕ್ಕು ಯಾವ ಕಾಗದದಲ್ಲೂ ಇರಲಿಲ್ಲ, ರೂಢಿಯಲ್ಲಿ ಮಾತ್ರ ಇತ್ತು. ಹಿಂದೊಮ್ಮೆ ತಿಮ್ಮಜ್ಜನ ಅಪ್ಪ ಯಾವನೋ ಅಧಿಕಾರಿ ಹೇಳಿದನೆಂದು ಒಂದು ಹಾಳೆಗೆ ಹೆಬ್ಬೆಟ್ಟು ಒತ್ತಿದ್ದ. ಹುಲ್ಲಿನ ಹರಾಜಿನ ಕಾಗದ ಎಂದಿದ್ದರಂತೆ. ಮರುವರ್ಷ ಕಾವಲಿನ ತೆಂಕಣ ಮೂಲೆಗೆ ಬೇಲಿ ಬಿತ್ತು, ನೀಲಗಿರಿ ಗಿಡ ಎದ್ದವು, ಅಲ್ಲಿಗೆ ದನ ಹೋಗುವುದು ನಿಂತೇಹೋಯಿತು. ಅಂದಿನಿಂದ ತಿಮ್ಮಜ್ಜ ತನ್ನ ಹೆಬ್ಬೆರಳನ್ನು ಯಾವ ಕಾಗದಕ್ಕೂ ತಾಗಿಸಿದವನಲ್ಲ. ರೇಷನ್ ಅಂಗಡಿಯಲ್ಲೂ ಸೊಸೆಯನ್ನೇ ಮುಂದೆ ಬಿಡುತ್ತಿದ್ದ.

ನನ್ನನ್ನು ಹಂಗೇರಿಗೆ ಕರೆದವನು ಗಾಬೋರ್. ಊರವರ ಬಾಯಲ್ಲಿ ಅವನು ಹುಲ್ಲು ಸಾಹೇಬ. ಎಪ್ಪತ್ತರ ದಶಕದ ಕೊನೆಯಲ್ಲಿ ನಮ್ಮ ಕಾವಲಿಗೆ ಬಂದು, ಹುಲ್ಲಿನ ಮೇಲೆ ಬೋರಲು ಮಲಗಿ, ಭೂತಗನ್ನಡಿ ಹಿಡಿದು ದಿನಗಟ್ಟಲೆ ನೋಡುತ್ತಿದ್ದ. ಬರೀ ಹುಲ್ಲು ನೋಡಲು ಯಾರಾದರೂ ಸಮುದ್ರ ದಾಟಿ ಬರುತ್ತಾರೆಯೇ? ಅಜ್ಜಂಪುರದ ಕಡೆ ಹಿಂದೆ ಚಿನ್ನ ಹುಡುಕಿದ ಗುಂಡಿಗಳಿವೆ, ಇವನೂ ಅದಕ್ಕೇ ಬಂದವನು ಎಂದು ಕೆಲವರು. ಹುಲ್ಲಿನ ಬೀಜ ಕದ್ದೊಯ್ಯುತ್ತಾನೆ ಎಂದು ಕೆಲವರು. ನಾನಂತೂ ಹುಟ್ಟಾ ಅನುಮಾನದ ಪ್ರಾಣಿ, ಎರಡನ್ನೂ ನಂಬಿದೆ.

ಹುಲ್ಲಿನ ಜೊತೆಗೆ ಅವನಿಗೆ ಬೇಕಾಗಿದ್ದದ್ದು ಎರೆಭೂತ ಎಂಬ ಹಕ್ಕಿ. ಆಳಿನ ಸೊಂಟದೆತ್ತರ ನಿಲ್ಲುತ್ತದೆ, ಓಡಿ ಓಡಿ ಕೊನೆಗೆ ಬೇರೆ ದಾರಿಯಿಲ್ಲದಾಗ ಹಾರುತ್ತದೆ, ಬರಿಯ ನೆಲದ ಮೇಲೆ ಮೊಟ್ಟೆಯಿಡುತ್ತದೆ. ಮಳೆಗಾಲದಲ್ಲಿ ಗಾಬೋರ್ ತನ್ನ ದೇಶಕ್ಕೆ ಹೋಗಿಬಿಡುತ್ತಿದ್ದ, ಹಕ್ಕಿ ಮೊಟ್ಟೆಯಿಡುವುದೂ ಆಗಲೇ. ಅದಕ್ಕಾಗಿ ಇಂಗ್ಲಿಷ್ ಬರೆಯಬಲ್ಲ ನನ್ನನ್ನು ಹಿಡಿದ. ಕಾವಲಿನ ನಕ್ಷೆಯನ್ನು ಚೌಕಚೌಕವಾಗಿ ಗೆರೆಯೆಳೆದು ಕೊಟ್ಟ. ಸ್ಕೂಲು ಬಿಟ್ಟ ಮೇಲೆ ನಾನು ಸೈಕಲ್ಲಿನಲ್ಲಿ ಹೋಗಿ, ಎಲ್ಲಿ ಹುಲ್ಲು ಎಷ್ಟುದ್ದ, ಎಲ್ಲಿ ದನ ಮೇಯುತ್ತಿವೆ, ಎಲ್ಲಿ ಗೂಡು ಎಂದು ರಿಜಿಸ್ಟರಿನಲ್ಲಿ ಬರೆಯಬೇಕು.

ಬರೆದೆ. ಆದರೆ ಗೂಡಿನ ಜಾಗವನ್ನು ಮಾತ್ರ ಸುಳ್ಳು ಬರೆದೆ. ಹಕ್ಕಿ ಇದ್ದ ಜಾಗಕ್ಕೆ ಬೇಲಿ ಬೀಳುತ್ತದೆ ಎಂದು ತಿಮ್ಮಜ್ಜ ಹೇಳಿದ್ದ, ನನಗೂ ಹಾಗೇ ಅನ್ನಿಸಿತ್ತು. ದನ ಮೇಯುವ ಕೆಳಗಿನ ಬಯಲಿನಲ್ಲಿ ಕಂಡ ಗೂಡುಗಳನ್ನೆಲ್ಲ, ದನ ಹತ್ತದ ಮೇಲಿನ ಕಲ್ಲುಮರಡಿಯ ಚೌಕಗಳಿಗೆ ದಾಟಿಸಿದೆ. ಬೇಲಿ ಬಿದ್ದರೆ ಆ ಬೋಳುಗುಡ್ಡಕ್ಕೆ ಬೀಳಲಿ. ಎರಡು ಮಳೆಗಾಲ ಹೀಗೇ ಬರೆದೆ.

ಈಗ ಅದೇ ಗಾಬೋರ್ ನನ್ನನ್ನು ಬೇಸಿಗೆ ರಜಕ್ಕೆ ಮೂರು ವಾರ ಕರೆದಿದ್ದ. ಯಾಕೆ ಕರೆದ ಎಂಬುದೇ ನನಗೆ ತಿಳಿಯಲಿಲ್ಲ.

ಬುಡಾಪೆಸ್ಟ್

ತರೀಕೆರೆಯಲ್ಲಿರುವ ನನ್ನ ಭಾವಮೈದ ತನ್ನ ಮದುವೆಯ ಉಣ್ಣೆ ಕೋಟು ಕೊಟ್ಟಿದ್ದ. ಅವನು ನನಗಿಂತ ತೆಳ್ಳಗೆ. ಗುಂಡಿ ಹಾಕಿದರೆ ಉಸಿರು ನಿಲ್ಲುತ್ತಿತ್ತು, ಬಿಟ್ಟರೆ ಚಳಿ ಹೊಡೆಯುತ್ತಿತ್ತು. ಹೀಗೆ ಎದೆ ಬಿಗಿದುಕೊಂಡು ನಿಂತವನನ್ನು ಕಂಡರೆ ವಿಮಾನ ನಿಲ್ದಾಣದ ಅಧಿಕಾರಿಗೆ ಅನುಮಾನ ಬರದೆ ಇರುತ್ತದೆಯೇ. ಚೀಲ ಬಿಚ್ಚಿಸಿದ.

ಒಳಗೆ ಮೊದಲು ಸಿಕ್ಕಿದ್ದು ಹುರಿಹಿಟ್ಟು. ಅದರ ಕೆಳಗೆ ಚಟ್ನಿಪುಡಿ. ಅದರ ಕೆಳಗೆ ವಿಭೂತಿ. ಬಿಳಿಯದೊಂದು, ಕೆಂಪಿನದೊಂದು, ಬೂದಿಬಣ್ಣದ್ದೊಂದು ಮೂರು ಥರದ ಪುಡಿ ಹೊತ್ತು ತಂದವನು ಯಾವ ಸೀಮೆಯ ಮನುಷ್ಯ ಎಂದು ಅವನು ಇನ್ನೊಬ್ಬನನ್ನು ಕರೆದ. ಇಬ್ಬರೂ ಮೂಸಿದರು. ವಿಭೂತಿ ಹಣೆಗೆ ಹಚ್ಚುವುದು ಎಂದು ನಾನು ಹಚ್ಚಿಕೊಂಡು ತೋರಿಸಿದೆ. ಚಟ್ನಿಪುಡಿ ತಿನ್ನುವುದು ಎಂದು ತಿಂದು ತೋರಿಸಿದೆ. ಎರಡನೆಯವನಿಗೆ ನಂಬಿಕೆ ಬರಲಿಲ್ಲ, ತಾನೇ ಒಂದು ಚಿಟಿಕೆ ಬಾಯಿಗೆ ಹಾಕಿಕೊಂಡ. ತುಟಿ ಚಪ್ಪರಿಸಿ, ಇನ್ನೊಂದು ಚಿಟಿಕೆ ಹಾಕಿಕೊಂಡ. ಆಮೇಲೆ ಚೀಲ ಮುಚ್ಚಲು ಹೇಳಿದರು.

ಅಷ್ಟರಲ್ಲಿ ಒಂದು ಹಾಳೆ ಬಂತು. ಕೆಳಗೆ ಗೆರೆ, ಗೆರೆಯ ಮೇಲೆ ಬೆರಳಿಟ್ಟು ಅಧಿಕಾರಿ ಪೆನ್ನು ಕೊಟ್ಟ. ಹಾಳೆಯಲ್ಲಿದ್ದ ಒಂದಕ್ಷರವೂ ನನಗೆ ತಿಳಿಯದು. ಸಹಿ ಹಾಕದಿದ್ದರೆ ಒಳಗೆ ಬಿಡುವುದಿಲ್ಲ, ಹಾಕಿದರೆ ತಿಮ್ಮಜ್ಜನಿಗೆ ಕೊಟ್ಟ ಮಾತು ಹೋಗುತ್ತದೆ. ಹಿಂದೆ ಸಾಲು ಬೆಳೆಯುತ್ತಿತ್ತು. ಕೊನೆಗೆ ಕನ್ನಡದಲ್ಲಿ, ಸಹಿಯಂತೆ ಕಾಣಲೆಂದು ಸ್ವಲ್ಪ ಓರೆಯಾಗಿ, 'ಓಂ ನಮಃ ಶಿವಾಯ' ಎಂದು ಬರೆದು ಕೆಳಗೊಂದು ಗೆರೆ ಎಳೆದೆ. ಅಧಿಕಾರಿ ಠಪ್ಪೆಂದು ಸೀಲು ಹೊಡೆದ.

ನನ್ನ ಜಾಣತನಕ್ಕೆ ನಾನೇ ಬೀಗಿದೆ. ಇನ್ನು ಮೂರು ವಾರ ಈ ದೇಶದಲ್ಲಿ ಯಾರೂ ನನ್ನ ಕೂದಲು ಕೊಂಕಿಸಲಾರರು ಎಂದುಕೊಂಡೆ.

ಬಯಲಿನ ಗೇಟು

ಗಾಬೋರ್ ಹೊರಗೆ ಕಾಯುತ್ತಿದ್ದ. ಕಂಡೊಡನೆ ಅವನ ಬಾಯಿಂದ ಬಂದದ್ದು ನಮ್ಮ ಕಾವಲಿನ ಕನ್ನಡ: "ಬಂದ್ರಾ ಮೇಷ್ಟ್ರೇ? ದಾರೀಲಿ ಉಂಡ್ರಾ?" ತಿಮ್ಮಜ್ಜನಿಂದ ಕಲಿತ ಕನ್ನಡವಾದ್ದರಿಂದ ಅದರಲ್ಲಿ ಊಟ, ಮಳೆ, ದನ ಮತ್ತು ಬೈಗುಳ ಚೆನ್ನಾಗಿದ್ದವು. ಮಿಕ್ಕದ್ದಕ್ಕೆಲ್ಲ ಇಂಗ್ಲಿಷ್. ಅಷ್ಟು ದೂರದಲ್ಲಿ ನಮ್ಮ ಮಾತು ಕೇಳಿ ನನಗೆ ಕಣ್ಣು ತುಂಬಿತು. ಮರುಕ್ಷಣವೇ, ಇಷ್ಟು ಪ್ರೀತಿ ತೋರಿಸುತ್ತಿದ್ದಾನೆಂದರೆ ಏನೋ ಇದೆ ಎಂದೂ ಅನ್ನಿಸಿತು.

ಅವನ ಕೆಲಸದ ಜಾಗ ದೇಶದ ಪೂರ್ವಕ್ಕಿರುವ ದೊಡ್ಡ ಬಯಲು. ಸರ್ಕಾರ ಅದನ್ನು ಕಾಪಿಟ್ಟ ನಿಸರ್ಗಪ್ರದೇಶ ಎಂದು ಘೋಷಿಸಿದೆ, ವಿಜ್ಞಾನಿಗಳು ಅಲ್ಲೇ ಮನೆ ಮಾಡಿಕೊಂಡು ಹುಲ್ಲು, ಹಕ್ಕಿ, ಹುಳ ನೋಡುತ್ತಾರೆ. ಜೀಪು ಬಯಲಿಗೆ ಹೊರಳಿದಾಗ ನಾನು ಎದ್ದು ಕುಳಿತೆ. ಕಣ್ಣು ಹರಿಯುವಷ್ಟು ದೂರ ಒಂದು ಗುಡ್ಡವಿಲ್ಲ. ನಮ್ಮಲ್ಲಾದರೆ ಹಿಂದೆ ಬಾಬಾಬುಡನ್ ಸಾಲು ಇರುತ್ತದೆ, ಇಲ್ಲಿ ಆಕಾಶವೇ ನೆಲಕ್ಕೆ ಬಂದು ಕೂತಿತ್ತು. ನಡುವೆ ಒಂದು ಏತದ ಬಾವಿ. ನಮ್ಮದೇ ಏತ, ಅದೇ ಕವೆಗಂಬ, ಅದೇ ಉದ್ದನೆಯ ತೊಲೆ, ಹಿಂದೆ ಭಾರಕ್ಕೆ ಕಟ್ಟಿದ ಅದೇ ಮರದ ದಿಮ್ಮಿ. ಇವರು ನಮ್ಮನ್ನು ನೋಡಿ ಮಾಡಿದರೋ ನಾವು ಇವರನ್ನು ನೋಡಿ ಮಾಡಿದೆವೋ ಎಂದು ಗಾಬೋರನನ್ನು ಕೇಳಿದೆ. ನೀರಿಗೆ ಬಗ್ಗಿದವರೆಲ್ಲ ಇದನ್ನೇ ಕಂಡುಹಿಡಿದಿದ್ದಾರೆ ಎಂದ.

ಬಯಲಿನ ಗೇಟಿನಲ್ಲಿ ತಲೆಗೆ ಬಟ್ಟೆ ಕಟ್ಟಿದ ದಪ್ಪನೆಯ ಹೆಂಗಸೊಬ್ಬಳು ಕುರ್ಚಿ ಹಾಕಿ ಕೂತಿದ್ದಳು. ಅವಳ ಮುಂದೊಂದು ದಪ್ಪ ಪುಸ್ತಕ. ಒಳಗೆ ಹೋಗುವಾಗೊಮ್ಮೆ, ಹೊರಗೆ ಬರುವಾಗೊಮ್ಮೆ ಪ್ರತಿಯೊಬ್ಬರೂ ಅದರಲ್ಲಿ ಸಹಿ ಹಾಕಬೇಕು. ಆ ದೇಶದಲ್ಲಿ ಎಲ್ಲರೂ ಎಲ್ಲರ ಮೇಲೂ ಒಂದು ಕಣ್ಣಿಟ್ಟಿರುತ್ತಾರೆ ಎಂದು ಮೊದಲೇ ಕೇಳಿದ್ದೆ. ಅವಳು ನನ್ನ ಪಾಸ್‌ಪೋರ್ಟಿನ ಫೋಟೋವನ್ನೂ ನನ್ನ ಮುಖವನ್ನೂ ಮೂರು ಸಲ ಹೋಲಿಸಿ ನೋಡಿದಳು. ನಾನು ಅವಳ ಕನ್ನಡಕದ ಮೇಲಿಂದ ಪುಸ್ತಕವನ್ನು ಮೂರು ಸಲ ನೋಡಿದೆ. ಆಮೇಲೆ ಓಂ ನಮಃ ಶಿವಾಯ ಎಂದು ಬರೆದೆ. ದಿನಕ್ಕೆ ನಾಲ್ಕು ಸಲದಂತೆ ಆ ಪುಸ್ತಕದಲ್ಲಿ ನಾನು ಬರೆದಷ್ಟು ಶಿವನಾಮವನ್ನು ಊರಿನಲ್ಲಿ ಯಾವ ಶ್ರಾವಣದಲ್ಲೂ ಬರೆದವನಲ್ಲ.

ಯಾನೋಷ್ ಬಾಚಿಯ ದನ

ಯಾನೋಷ್ ಅಲ್ಲಿನ ಹಳೆಯ ದನಗಾಹಿ. ವಯಸ್ಸಾದವರನ್ನು ಅವರು ಹೆಸರಿನ ಕೊನೆಗೆ ಬಾಚಿ ಸೇರಿಸಿ ಕರೆಯುತ್ತಾರೆ, ನಾವು ಅಜ್ಜ ಎಂದೋ ಮಾವ ಎಂದೋ ಸೇರಿಸುವಂತೆ. ಗಾಬೋರ್ ನನ್ನನ್ನು ಅವನಿಗೆ ಪರಿಚಯಿಸಿ, ಇವರದೂ ದನದ ಸೀಮೆ ಎಂದ. ಯಾನೋಷ್ ಬಾಚಿ ನನ್ನ ಬಿಗಿದ ಕೋಟನ್ನು ನೋಡಿದ, ನನ್ನ ಮೆತ್ತನೆಯ ಅಂಗೈ ಮುಟ್ಟಿ ನೋಡಿದ, ಏನೋ ಹೇಳಿದ. ಏನೆಂದು ಕೇಳಿದೆ. ದನದ ಸೀಮೆಯವನಿರಬಹುದು, ದನ ಕಾದವನಲ್ಲ ಎಂದನಂತೆ.

ಅವನ ದನಗಳು ಮಾತ್ರ ನನ್ನನ್ನು ದಂಗುಬಡಿಸಿದವು. ಬೂದು ಮೈ, ಕಪ್ಪು ಮೂತಿ, ಮೇಲೆತ್ತಿದ ಮಾರುದ್ದದ ಕೋಡು. ನಮ್ಮ ಕಾವಲಿನ ಅಮೃತಮಹಲ್ ದನಗಳೇ ಮೈ ತುಂಬಿಕೊಂಡು ಇಲ್ಲಿಗೆ ಬಂದಂತಿತ್ತು. ನೋಟವೂ ಅದೇ, ಹೊಸಬ ಹತ್ತಿರ ಬಂದರೆ ತಲೆ ತಗ್ಗಿಸಿ ಗುಟುರು ಹಾಕುವ ನೋಟ. ನಾನು ಅಭ್ಯಾಸಬಲದಿಂದ ನಮ್ಮ ಕಡೆ ಕರೆಯುವಂತೆ ಹೋ ಎಂದು ಎಳೆದು ಕೂಗಿದೆ. ಒಂದು ಹಸು ಕಿವಿ ನಿಗುರಿಸಿತು. ಯಾನೋಷ್ ಬಾಚಿ ಮೊದಲ ಸಲ ನಕ್ಕ.

ಮಧ್ಯಾಹ್ನ ಅವನ ಕಡಾಯಿಯಲ್ಲಿ ಕೆಂಪಗೆ ಏನೋ ಕುದಿಯುತ್ತಿತ್ತು. ಅದರಲ್ಲಿ ಏನಿದೆ ಎಂದು ಕೇಳಲು ನನಗೆ ಧೈರ್ಯವಾಗಲಿಲ್ಲ. ಬ್ರೆಡ್ಡು, ಹುಳಿಕೆನೆ, ಬೇಯಿಸಿದ ಆಲೂಗಡ್ಡೆಗೆ ನನ್ನ ಚಟ್ನಿಪುಡಿ ಕಲೆಸಿಕೊಂಡು ದೂರ ಕೂತೆ. ದನಗಳನ್ನು ಮಕ್ಕಳಂತೆ ಮೈ ಸವರುವ ಮನುಷ್ಯ ಆ ಕಡಾಯಿಯ ಮುಂದೆ ಹಾಯಾಗಿ ಕೂತು ಉಣ್ಣುವುದನ್ನು ನೋಡಿ ನನಗೆ ಸಂಕಟವಾಯಿತು. ಅವನಿಗೆ ನನ್ನ ಮೇಲೂ ಅಷ್ಟೇ ಮರುಕ. ಬೆಳಿಗ್ಗೆ ಹಣ್ಣಿನ ಸಾರಾಯಿ ಬೇಡ ಎನ್ನುತ್ತಾನೆ, ಮಧ್ಯಾಹ್ನ ಕಡಾಯಿ ಬೇಡ ಎನ್ನುತ್ತಾನೆ, ಈ ಮನುಷ್ಯ ಯಾವ ಕಾಯಿಲೆಯಿಂದ ಸಾಯುತ್ತಿದ್ದಾನೆ ಎಂದು ಗಾಬೋರನನ್ನು ಗುಟ್ಟಾಗಿ ಕೇಳಿದನಂತೆ.

ಬೇಲಿಯ ಒಳಗೆ

ಮೂರನೆಯ ದಿನವೋ ನಾಲ್ಕನೆಯ ದಿನವೋ ಬೆಳಿಗ್ಗೆ ಯಾನೋಷ್ ಬಾಚಿ ನನ್ನ ತೋಳು ಹಿಡಿದು ನಿಲ್ಲಿಸಿ, ದನಗಳ ಹಿಂಡಿನ ಕಡೆ ಕೈ ತೋರಿಸಿದ. ಮೇಯುತ್ತಿದ್ದ ಹಸುಗಳ ನಡುವೆ ಒಂದು ದೊಡ್ಡ ಹಕ್ಕಿ ನಡೆದುಹೋಗುತ್ತಿತ್ತು. ನಮ್ಮ ಎರೆಭೂತದ ದಾಯಾದಿಯೇ ಸರಿ, ಅದೇ ಗತ್ತು, ಅದೇ ಎತ್ತಿದ ಕತ್ತು. ನೋಡುತ್ತಿದ್ದಂತೆ ಗಂಡುಹಕ್ಕಿ ಬಾಲ ಬೆನ್ನಿಗೆ ಮಡಚಿ ರೆಕ್ಕೆ ತಿರುವಿ ಪೂರಾ ಬಿಳಿಯಾಗಿ ಉಬ್ಬಿಕೊಂಡಿತು. ಪಕ್ಕದಲ್ಲಿದ್ದ ಹಸು ತಲೆಯನ್ನೂ ಎತ್ತಲಿಲ್ಲ.

ಆಮೇಲೆ ಗಾಬೋರ್ ನನ್ನನ್ನು ಒಂದು ಬೇಲಿಯ ಬಳಿಗೆ ಕರೆದುಕೊಂಡು ಹೋದ. ಬೇಲಿ ಕಂಡರೇ ನನಗೆ ಆಗುವುದಿಲ್ಲ. ಆದರೆ ಅದರ ಕತೆ ನಾನೆಣಿಸಿದಂತಿರಲಿಲ್ಲ. ಕೆಲವು ವರ್ಷಗಳ ಹಿಂದೆ, ದನಗಳ ತುಳಿತದಿಂದ ಹಕ್ಕಿಗೆ ತೊಂದರೆ ಎಂದು ಗಾಬೋರನೇ ಹಟ ಹಿಡಿದು ಬಯಲಿನ ಒಂದು ತುಂಡಿಗೆ ಬೇಲಿ ಹಾಕಿಸಿದ್ದನಂತೆ. ದನ ಹೊರಗೆ, ಹಕ್ಕಿ ಒಳಗೆ. ಮೊದಲ ವರ್ಷ ಹುಲ್ಲು ಚೆನ್ನಾಗಿ ಬಂತು. ಮುಂದಿನ ವರ್ಷ ಎದೆಯೆತ್ತರ ಬೆಳೆದು ಒಣಗಿ ಒರಗಿತು, ಕಳೆ ತುಂಬಿತು. ನರಿ ಬಂದರೆ ಕತ್ತೆತ್ತಿದ ಹಕ್ಕಿಗೂ ಕಾಣದಾಯಿತು. ಹಕ್ಕಿಗಳು ಬೇಲಿ ದಾಟಿ ದನಗಳ ಕಡೆಗೇ ಹೋಗಿಬಿಟ್ಟವು. ಯಾನೋಷ್ ಬಾಚಿ ಇದನ್ನು ಮೊದಲೇ ಹೇಳಿದ್ದನಂತೆ, ಯಾರೂ ಕೇಳಿರಲಿಲ್ಲ. ಈಗಲೂ ಅವನು ಬೇಲಿಯ ಹತ್ತಿರ ಬಂದಾಗಲೆಲ್ಲ ಗಾಬೋರನ ಮುಖವನ್ನೇ ನೋಡುತ್ತ ಪೈಪು ತುಂಬುತ್ತಿದ್ದ.

ನಾನು ಒಳಗಿನ ಹುಲ್ಲಿನಲ್ಲಿ ನಾಲ್ಕು ಹೆಜ್ಜೆ ಇಟ್ಟೆ. ಸೊಂಟದವರೆಗೆ ಮುಳುಗಿದೆ. ನಮ್ಮ ಕೆಳಗಿನ ಬಯಲು ಕಣ್ಣಿಗೆ ಕಟ್ಟಿತು. ದನ ಮೇದ ಗಿಡ್ಡ ಹುಲ್ಲು, ಅದರ ನಡುವೆ ಕೂತ ಹಕ್ಕಿ, ಸೈಕಲ್ಲು ಒರಗಿಸಿ ಮರಡಿಯ ಚೌಕದಲ್ಲಿ ಗುರುತು ಹಾಕುತ್ತಿದ್ದ ನಾನು.

ಹೊಟ್ಟೆನೋವು

ಮರುದಿನ ಗಾಬೋರ್ ತನ್ನ ಕೋಣೆಯಲ್ಲಿ ಒಂದು ಕಟ್ಟು ಕಾಗದ ಬಿಚ್ಚಿದ. ಎಮ್ಮೆದೊಡ್ಡಿ ಕಾವಲಿನ ಬಗ್ಗೆ ಅವನು ಬರೆದ ವರದಿ, ನಮ್ಮ ದೆಹಲಿಗೆ ಹೋಗಬೇಕಾದದ್ದು. ಪಕ್ಕದಲ್ಲೇ ನನ್ನ ರಿಜಿಸ್ಟರು. ಅವನು ಬಿಡಿಸಿ ಹೇಳಿದ. ನಿಮ್ಮ ರಿಜಿಸ್ಟರಿನ ಪ್ರಕಾರ ಗೂಡುಗಳೆಲ್ಲ ಮೇಲಿನ ಮರಡಿಯಲ್ಲಿವೆ, ದನ ಇರುವ ಕಡೆ ಒಂದೂ ಇಲ್ಲ. ಅಂದರೆ ನಿಮ್ಮ ಹಕ್ಕಿಗೆ ದನವೆಂದರೆ ಆಗದು. ಹಾಗಾಗಿ ಕೆಳಗಿನ ಬಯಲಿನಿಂದ ದನಗಳನ್ನು ಪೂರಾ ಹೊರಗಿಟ್ಟರೆ ಹಕ್ಕಿ ಅಲ್ಲಿಗೂ ಇಳಿದು ಬರಬಹುದು, ಹಾಗೆ ಮಾಡಿ ಎಂದು ಸರ್ಕಾರಕ್ಕೆ ಬರೆದಿದ್ದೇನೆ. ಆದರೆ ಇಲ್ಲಿ ನಮ್ಮ ಹಕ್ಕಿ ದನಗಳ ನಡುವೆಯೇ ಇರುತ್ತದೆ. ನಿಮ್ಮದು ಯಾಕೆ ಹೀಗೆ? ಇದು ನನಗೆ ಬಗೆಹರಿಯುತ್ತಿಲ್ಲ. ಅದಕ್ಕೇ ನಿಮ್ಮನ್ನು ಕರೆಸಿದೆ, ಎರಡೂ ಬಯಲು ಕಂಡ ಕಣ್ಣು ನಿಮ್ಮದೊಂದೇ. ರಿಜಿಸ್ಟರು ಸರಿಯಾಗಿದೆ ಎಂದು ಪುಟಪುಟಕ್ಕೂ ನೀವು ಸಹಿ ಹಾಕಿಕೊಟ್ಟರೆ ನಾನು ಕಳಿಸುತ್ತೇನೆ.

ದನಗಳನ್ನು ಉಳಿಸಲೆಂದು ಬರೆದ ಸುಳ್ಳೇ ದನಗಳನ್ನು ಓಡಿಸಲು ಹೊರಟಿತ್ತು. ಬೇಲಿ ಬೀಳುವುದು ಬೋಳುಗುಡ್ಡಕ್ಕಲ್ಲ, ತಿಮ್ಮಜ್ಜನ ಕೆಳಗಿನ ಬಯಲಿಗೆ. ಹಾಗೆ ಮಾಡಿಸಿದವನು ಹೊರಗಿನ ಸಾಹೇಬನಲ್ಲ, ನಾನು.

ನಿಜ ಹೇಳಬೇಕಿತ್ತು. ಹೇಳಲಿಲ್ಲ. ಇದೂ ಒಂದು ಬಲೆಯಿರಬಹುದು, ಗೂಡಿನ ನಿಜವಾದ ಜಾಗ ತಿಳಿಯಲೆಂದೇ ಇವನು ಈ ಬೇಲಿಯ ಕತೆ ಕಟ್ಟಿದ್ದಾನೆ ಎಂದು ನನ್ನ ಬುದ್ಧಿ ಆಗಲೂ ಓಡಿತು. ಹೊಟ್ಟೆನೋವು ಎಂದು ಎದ್ದೆ. ಗಾಬೋರ್ ಮರುಗಿ ಕ್ಯಾಮೊಮೈಲ್ ಹೂವಿನ ಕಷಾಯ ಕಾಯಿಸಿ ತಂದ. ಎರಡು ದಿನ ಹೊಟ್ಟೆನೋವಿನಲ್ಲೇ ಕಳೆದೆ. ಗೇಟಿನ ಹೆಂಗಸು ಕೂಡ ಸಕ್ಕರೆ ಹಾಕಿದ ಹುಳಿಚೆರಿಹಣ್ಣಿನ ಡಬ್ಬಿ ಕಳಿಸಿದಳು. ನನ್ನ ಮೇಲೆ ಕಣ್ಣಿಟ್ಟಿದ್ದಾಳೆ ಎಂದುಕೊಂಡಿದ್ದವಳು. ಡಬ್ಬಿಯನ್ನು ಬಿಚ್ಚದೆ ಕಿಟಕಿಯಲ್ಲಿಟ್ಟೆ.

ಗೇಟಿನ ಪುಸ್ತಕ

ಮೂರನೆಯ ದಿನ ಬೆಳಿಗ್ಗೆ ಗಾಬೋರ್ ಗೇಟಿನ ಪುಸ್ತಕವನ್ನು ಕಂಕುಳಲ್ಲಿಟ್ಟುಕೊಂಡು ನನ್ನ ಕೋಣೆಗೆ ಬಂದ. ತಿಂಗಳ ಕೊನೆಗೆ ಅದನ್ನು ಪರಿಶೀಲಿಸುವುದು ಅವನ ಕೆಲಸವಂತೆ. ಹಾಸಿಗೆಯ ಮೇಲೆ ಬಿಚ್ಚಿಟ್ಟು, ಬೆರಳಿಟ್ಟು, ಒಂದೊಂದೇ ಅಕ್ಷರ ಕೂಡಿಸಿ ಓದಿದ.

"ಓಂ. ನಮಃ. ಶಿವಾಯ."

ಅವನು ಕನ್ನಡ ಮಾತಾಡುತ್ತಾನೆಂದು ಗೊತ್ತಿತ್ತು, ಓದುತ್ತಾನೆಂದು ಗೊತ್ತಿರಲಿಲ್ಲ. ಕಡೂರು ಬಸ್‌ಸ್ಟ್ಯಾಂಡಿನಲ್ಲಿ ಬೋರ್ಡು ಓದಲಾಗದೆ ಎರಡು ಸಲ ಹೊಸದುರ್ಗದ ಬಸ್ಸು ಹತ್ತಿ ಹೋದ ಮೇಲೆ ಅಕ್ಷರ ಕಲಿತನಂತೆ. ಪುಟ ತಿರುವಿದ, ಇನ್ನೊಂದು ಪುಟ ತಿರುವಿದ. ಎಲ್ಲ ಕಡೆ ಶಿವ.

ಅವನಿಗೆ ಸಿಟ್ಟು ಬಂದಿರಲಿಲ್ಲ, ಅದೇ ನನಗೆ ಹೆಚ್ಚು ಕಷ್ಟವಾಯಿತು. ಗೇಟಿನಲ್ಲಿ ತನ್ನ ಹೆಸರು ಬರೆಯದ ಮನುಷ್ಯ ರಿಜಿಸ್ಟರಿನಲ್ಲಿ ಏನು ಬರೆದಿದ್ದಾನೆ ಎಂದು ರಾತ್ರಿಯಿಡೀ ಯೋಚಿಸಿದೆ ಎಂದ. ಆಮೇಲೆ ಕನ್ನಡದಲ್ಲೇ ಕೇಳಿದ.

"ಮೇಷ್ಟ್ರೇ, ಗೂಡು ಎಲ್ಲಿ ಅವೆ?"

ಹೇಳಿಬಿಟ್ಟೆ. ತಿಮ್ಮಜ್ಜನ ಅಪ್ಪನ ಹೆಬ್ಬೆಟ್ಟು, ನೀಲಗಿರಿ ಬೇಲಿ, ಕೆಳಗಿನ ಬಯಲಿನ ಗೂಡುಗಳನ್ನು ಮರಡಿಗೆ ಹತ್ತಿಸಿದ್ದು, ಎಲ್ಲವನ್ನೂ. ಹೇಳುವಾಗ ತಲೆ ಎತ್ತಲಾಗಲಿಲ್ಲ. ನನ್ನ ಸ್ಕೂಲಿನಲ್ಲಿ ಲೆಕ್ಕ ಕದ್ದು ಬರೆದ ಮಕ್ಕಳನ್ನು ಬೆಂಚಿನ ಮೇಲೆ ನಿಲ್ಲಿಸುತ್ತಿದ್ದವನು ನಾನು. ಗಾಬೋರ್ ಎಲ್ಲ ಕೇಳಿಕೊಂಡು ಎದ್ದು ಹೊರಗೆ ಹೋದ. ಆ ದಿನವೆಲ್ಲ ನನ್ನ ಕಡೆ ಬರಲಿಲ್ಲ. ಎರಡು ವರ್ಷದ ಅವನ ಕೆಲಸ ಹಾಳಾಗಿತ್ತು. ನಾಚಿಕೆಯಿಂದ ನನಗೆ ಊರಿಗೆ ಓಡಿಹೋಗಬೇಕೆನಿಸಿತು, ಓಡಲು ದಾರಿ ತಿಳಿದಿರಲಿಲ್ಲ.

ಮಾರನೆಯ ಬೆಳಿಗ್ಗೆ ಬಂದವನೇ ಮೇಜಿನ ಮೇಲೆ ನಕ್ಷೆ ಹರಡಿ, ಕೆಂಪು ಪೆನ್ಸಿಲ್ ನನ್ನ ಕೈಗಿಟ್ಟ. ತಾನೂ ಹಕ್ಕಿಗೆ ಒಳ್ಳೆಯದೆಂದೇ ಬೇಲಿ ಹಾಕಿಸಿದ್ದವನು, ಯಾನೋಷ್ ಬಾಚಿಯನ್ನು ಒಂದು ಮಾತೂ ಕೇಳದೆ, ಎಂದಷ್ಟೇ ಹೇಳಿದ. ಮಧ್ಯಾಹ್ನದವರೆಗೂ ಇಬ್ಬರೂ ಕೂತೆವು. ಒಂದೊಂದೇ ಗೂಡನ್ನು ಮರಡಿಯಿಂದ ಇಳಿಸಿ ಅದರ ಜಾಗಕ್ಕೆ ತಂದೆ. ಯಾವ ಜಾಲಿಗಿಡದ ಪಕ್ಕ, ಯಾವ ಕಟ್ಟೆಯ ಈಚೆ, ಎಲ್ಲ ನೆನಪಿತ್ತು. ಸುಳ್ಳು ಬರೆದವನಿಗೆ ನಿಜ ಚೆನ್ನಾಗಿ ನೆನಪಿರುತ್ತದೆ. ಕಡೆಗೆ, ಇದೆಲ್ಲ ನಿಜ, ಬೇಕಾದರೆ ಲಿಂಗ ಮುಟ್ಟಿ ಹೇಳುತ್ತೇನೆ ಎಂದು ಕೊರಳಿಗೆ ಕೈ ಹಾಕಿದೆ. ಗಾಬೋರ್ ತಡೆದ.

"ದೇವ್ರು ಬ್ಯಾಡ ಮೇಷ್ಟ್ರೇ. ದೇವ್ರು ಗೇಟಲ್ಲಿ ಆಯ್ತು. ನಿಮ್ ಹೆಸ್ರು ಹಾಕಿ."

ಎಚ್. ಎಂ. ರುದ್ರಪ್ಪ ಎಂದು ಹಾಕಿದೆ. ತಿದ್ದಿದ ಪ್ರತಿ ಪುಟಕ್ಕೂ ಹಾಕಿದೆ. ಊರು ಬಿಟ್ಟ ಮೇಲೆ ನಾನು ಬರೆದ ಮೊದಲ ನಿಜವಾದ ಸಹಿಗಳು ಅವು. ಕೊನೆಯ ಪುಟ ಮುಗಿದಾಗ ಹೊಟ್ಟೆನೋವು ಇಳಿದಿತ್ತು, ಅದರ ಜಾಗಕ್ಕೆ ತಿಮ್ಮಜ್ಜನ ಭಯ ಬಂದು ಕೂತಿತ್ತು. ವರದಿಯನ್ನು ಹೊಸದಾಗಿ ಬರೆಯುತ್ತೇನೆ, ದನಗಳನ್ನು ಹೊರಗಿಡಿ ಎಂಬ ಮಾತು ಅದರಲ್ಲಿ ಇರುವುದಿಲ್ಲ ಎಂದ ಗಾಬೋರ್. ನಂಬಿದೆ. ಪೂರ್ತಿ ನಂಬಿದೆ ಎಂದರೆ ಸುಳ್ಳಾಗುತ್ತದೆ, ಹೊರಡುವ ಮುನ್ನ ಹೊಸ ಹಾಳೆಗಳನ್ನು ಕೇಳಿ ಓದಿಕೊಂಡೇ ಬಂದೆ.

ಎಮ್ಮೆದೊಡ್ಡಿ

ಊರು ಸೇರುವ ಹೊತ್ತಿಗೆ ಮುಂಗಾರಿನ ಮೊದಲ ಹನಿ ಬಿದ್ದು ಕಾವಲಿನ ಹುಲ್ಲು ಚಿಗುರಿತ್ತು. ತಿಮ್ಮಜ್ಜ ಕೆಳಗಿನ ಬಯಲಿನ ಕಲ್ಲಿನ ಮೇಲೆ ಕಂಬಳಿ ಹೊದ್ದು ಕೂತಿದ್ದ. ಅಲ್ಲಿನ ದನ ಹೇಗಿವೆ, ಎಷ್ಟು ಹಾಲು ಕೊಡುತ್ತವೆ ಎಂದೆಲ್ಲ ವಿಚಾರಿಸಿದ. ಕೋಡಿನ ಉದ್ದ ಕೈ ಚಾಚಿ ತೋರಿಸಿದೆ, ನಂಬಲಿಲ್ಲ. ಏತದ ಬಾವಿಯನ್ನು ನಂಬಿದ. ಆಮೇಲೆ ನೇರ ವಿಷಯಕ್ಕೆ ಬಂದ.

"ಸಹಿ?"

"ಹಾಕ್ದೆ ತಿಮ್ಮಜ್ಜ."

ಅವನು ಬಾಯಲ್ಲಿದ್ದ ಎಲೆಅಡಿಕೆ ಅಗಿಯುವುದನ್ನು ನಿಲ್ಲಿಸಿದ. ನಾನು ಬೇಲಿಯ ಕತೆ, ಎದೆಯೆತ್ತರದ ಹುಲ್ಲು, ದನಗಳ ನಡುವಿನ ಹಕ್ಕಿ, ನಮ್ಮ ಸುಳ್ಳಿನಿಂದ ವರದಿ ಹೇಗೆ ತಿರುಗಿತ್ತು, ಎಲ್ಲವನ್ನೂ ಹೇಳಿದೆ. ಗೂಡಿನ ಜಾಗಗಳನ್ನೆಲ್ಲ ನಿಜವಾಗಿ ಬರೆದುಕೊಟ್ಟೆ, ಒಂದನ್ನೂ ಬಿಡಲಿಲ್ಲ ಎಂದೆ. ಬೈಯುತ್ತಾನೆ ಎಂದು ಕಾದೆ. ಅವನು ದೊಣ್ಣೆ ಊರಿ ಎದ್ದು, ಬನ್ನಿ ಎಂದ.

ಹಳ್ಳದ ಆಚೆ, ನಾನು ಎರಡು ಮಳೆಗಾಲ ಸೈಕಲ್ಲಿನಲ್ಲಿ ದಿನವೂ ಹಾದುಹೋಗುತ್ತಿದ್ದ ದಾರಿಯಿಂದ ಕೂಗಳತೆಯಲ್ಲಿ, ಅವನು ನನ್ನ ಹೆಗಲು ಒತ್ತಿ ಕೂರಿಸಿದ. ಎರಡು ಹಸು ಮೇಯುತ್ತಿದ್ದವು. ಅವುಗಳ ನಡುವೆ ನೆಲದ ಬಣ್ಣದ ಹೆಣ್ಣುಹಕ್ಕಿ, ಕತ್ತು ಮಾತ್ರ ಎತ್ತಿ, ಕಾವಿಗೆ ಕೂತಿತ್ತು.

"ಇದು ನಿಮ್ ಪಟದಾಗಿಲ್ಲ," ಎಂದ ತಿಮ್ಮಜ್ಜ. "ಅಪ್ಪನ ಕಾಲ್ದಿಂದ್ಲೂ ಇಲ್ಲೇ ಇಡೋದು. ಹಿಂದ್ಲ ಹಳ್ಳದಾಗೂ ಒಂದೈತೆ. ನಿಮ್ಗೂ ಹೇಳಿರ್ಲಿಲ್ಲ."

"ಯಾಕೆ?"

"ನೀವು ಬರ್ಯೋರು ಕಣ್ರೀ. ಸಾಹೇಬ್ರ ಜೊತೆ ಓಡಾಡೋರು."

ನಾನು ಅವನ ಕಡೆಯವನೆಂದು, ಅವನಿಗಾಗಿಯೇ ಸುಳ್ಳು ಬರೆಯುತ್ತಿದ್ದೇನೆಂದು ತಿಳಿದಿದ್ದೆ. ಅವನು ನನ್ನನ್ನು ಸೈಕಲ್ಲಿನಲ್ಲಿ ಬಂದು ಬರೆದುಕೊಂಡು ಹೋಗುವ ಇನ್ನೊಬ್ಬ ಸಾಹೇಬನೆಂದೇ ತಿಳಿದಿದ್ದ. ಗಾಬೋರನಿಗೆ ನಾನು ಮಾಡಿದ್ದನ್ನೇ ಅವನು ನನಗೆ ಮಾಡಿದ್ದ. ತುಂಬ ನೋವಾಯಿತು.

ಹಾಗಾದರೆ ಅಲ್ಲಿಗೆ ಬರೆಯಬೇಕಲ್ಲ, ನಾನು ತಿದ್ದಿಕೊಟ್ಟದ್ದೂ ಅರ್ಧವೇ ಎಂದು, ಎಂದೆ. ಇನ್ನು ನನ್ನ ಸಹಿಯನ್ನು ಗಾಬೋರ್ ನಂಬುವುದಾದರೂ ಹೇಗೆ ಎಂದೆ. ತಿಮ್ಮಜ್ಜ ಹಕ್ಕಿಯನ್ನು ನೋಡಿದ, ತೆಂಕಣದ ನೀಲಗಿರಿ ತೋಪಿನ ಕಡೆ ನೋಡಿದ, ತನ್ನ ಬಲಗೈ ನೋಡಿಕೊಂಡ.

"ಬರೀರಿ ಮತ್ತೆ. ನನ್ ಹೆಬ್ಬೆಟ್ಟು ಹಾಕ್ತೀನಿ."

ಅಲ್ಲೇ ಕಲ್ಲಿನ ಮೇಲೆ ಕೂತು ಜೇಬಿನಲ್ಲಿದ್ದ ಇನ್‌ಲ್ಯಾಂಡ್ ಕಾಗದದ ಹಿಂಬದಿಗೆ ಎರಡು ಗೂಡಿನ ಜಾಗ ಬರೆದೆ, ಊರಿಗೆ ಹೋಗಿ ಬೇರೆ ಲಕೋಟೆಯಲ್ಲಿಟ್ಟು ಕಳಿಸಿದರಾಯಿತು ಎಂದು. ತಿಮ್ಮಜ್ಜ ಓದಿ ಹೇಳಲು ಹೇಳಿದ. ಓದಿದೆ. ಇನ್ನೊಮ್ಮೆ ಓದಿಸಿದ. ನಡುವೆ ಏನನ್ನಾದರೂ ಹಾರಿಸುತ್ತಿದ್ದೇನೆಯೇ ಎಂದು ನನ್ನ ತುಟಿಯನ್ನೇ ನೋಡುತ್ತಿದ್ದ. ಖಾಲಿ ಜಾಗ ಯಾಕೆ ಬಿಟ್ಟಿದ್ದೀರಿ ಎಂದು ಕೇಳಿ, ಕೆಳಗೆ ಉಳಿದಿದ್ದ ಜಾಗಕ್ಕೆಲ್ಲ ಅಡ್ಡಗೆರೆ ಎಳೆಸಿದ. ಕಾವಲಿನಲ್ಲಿ ಇಂಕ್ ಪ್ಯಾಡ್ ಎಲ್ಲಿಂದ ಬರಬೇಕು? ಪೆನ್ನಿನ ನಿಬ್ಬಿನಿಂದ ಅವನ ಹೆಬ್ಬೆರಳಿಗೆ ಮಸಿ ಬಳಿದೆ. ಕಾಗದದ ಮೇಲೆ ಒತ್ತಿ, ಎತ್ತಿ, ಗುರುತು ಬಿದ್ದಿದೆಯೇ ಎಂದು ಬಗ್ಗಿ ನೋಡಿದ. ಆಮೇಲೆ ಬೆರಳನ್ನು ಹಸಿ ಹುಲ್ಲಿಗೆ ಉಜ್ಜಿ ಉಜ್ಜಿ ಒರೆಸಿಕೊಂಡು, ದನ ಹೊಡೆದುಕೊಂಡು ಹೊರಟ.